ಹೋಗದ ನೀರಡಿಕೆ

ನನ್ನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ ಎಂದು ತಿಳಿಯುವುದಕ್ಕೆ ಸ್ವಲ್ಪ ಮೊದಲು ನಾನೊಂದು ಎಳನೀರು ಕುಡಿದಿದ್ದೆ. ಹುಬ್ಬಳ್ಳಿಯ ಆಸ್ಪತ್ರೆಯ ಗೇಟಿನ ಹೊರಗೆ ಒಬ್ಬ ಗಾಡಿಯಲ್ಲಿ ಇಟ್ಟುಕೊಂಡು ಮಾರುತ್ತಿದ್ದ. ವಾಂತಿ ಮಾಡಿ ಮಾಡಿ ನನ್ನ ತುಟಿ ಒಣಗಿದ್ದನ್ನು ನೋಡಿ ನಮ್ಮನೆಯವರು ಓಡಿಹೋಗಿ ತಂದರು. "ಕುಡಿ ಗಿರಿಜಾ, ಜೀವಕ್ಕ ತಂಪ ಆಕ್ಕೈತಿ" ಎಂದರು. ತಳದ ತನಕ ಹೀರಿದೆ. ಆಮೇಲೆ ನಮ್ಮನ್ನು ಒಳಗೆ ಕರೆದರು. ಡಾಕ್ಟರು ರಿಪೋರ್ಟು ನೋಡಿದರು, ನನ್ನ ಕಾಲಿನ ಬಾವು ಒತ್ತಿ ನೋಡಿದರು, ಹೇಳುವುದನ್ನು ಹೇಳಿದರು. ಕೊನೆಗೆ, "ಎಳನೀರು ಇನ್ನ ಮುಟ್ಟೂ ಹಂಗಿಲ್ರಿ, ಅದರಾಗ ಪೊಟ್ಯಾಸಿಯಂ ಭಾಳ. ಹಣ್ಣು ಕೇಳಿ ತಿನ್ನಬೇಕು. ನೀರು ಅಳತಿ ಹಚ್ಚಿ ಕುಡೀಬೇಕು" ಎಂದರು. ಆಗ ನಮ್ಮನೆಯವರ ಮುಖ ನೋಡಬೇಕಿತ್ತು. ರೋಗ ಬಂದದ್ದೇ ಅವರು ತಂದ ಎಳನೀರಿನಿಂದ ಎನ್ನುವ ಹಾಗೆ ತಲೆ ತಗ್ಗಿಸಿ ಕೂತುಬಿಟ್ಟಿದ್ದರು.

ನಾನು ಶಿರಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮನೆ ಬೆಟಗೇರಿಯಲ್ಲಿ. ನಮ್ಮನೆಯವರು ಮಹಾಂತೇಶ, ಅವರ ಅಪ್ಪನ ಕಾಲದವರೆಗೂ ಮನೆಯಲ್ಲಿ ಮಗ್ಗ ಇತ್ತು, ಇವರು ಗದುಗಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾರೆ. ಮಗಳು ಮೇಘಾ ಆಗ ಪಿಯುಸಿ ಓದುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಅವ್ವ ನಮ್ಮ ಜೊತೆಗೇ ಇದ್ದಳು. ಕಾಲು ಬಾತದ್ದಕ್ಕೆ ಬಸ್ಸಿನಲ್ಲಿ ನಿಂತು ಹೋಗುವುದು ಕಾರಣ ಎಂದುಕೊಂಡಿದ್ದೆ. ಮೈ ತುರಿಕೆಗೆ ಹೊಸ ಸೋಪು ಕಾರಣವಿರಬಹುದು, ಊಟ ಸೇರದ್ದಕ್ಕೆ ಬಿಸಿಲು. ಪ್ರತಿಯೊಂದಕ್ಕೂ ಒಂದೊಂದು ಸಣ್ಣ ಕಾರಣವಿತ್ತು. ಎಲ್ಲ ಸೇರಿ ಒಂದು ದೊಡ್ಡ ಕಾರಣವಾಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ದಿನ, ಗದುಗಿನಲ್ಲೇ. ಮೊದಲು ಕುತ್ತಿಗೆಗೆ ನಳಿಕೆ ಹಾಕಿದ್ದರು. ಆಮೇಲೆ ಮಷೀನಿನ ಸೂಜಿ ಚುಚ್ಚಲು ಎಡಗೈಯಲ್ಲಿ ಸಣ್ಣ ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದರು. ಅಲ್ಲಿ ಬೆರಳಿಟ್ಟರೆ ಒಳಗೆ ದುಂಬಿ ಹೊಕ್ಕ ಹಾಗೆ ಗುಂಯ್ ಎನ್ನುತ್ತದೆ. ಅವ್ವ ಮೊದಲ ಸಲ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು.

ಸೂಜಿಯ ನೋವಿಗೆ ಜನ ಒಗ್ಗಿಕೊಳ್ಳುತ್ತಾರೆ. ನಾನೂ ಒಗ್ಗಿಕೊಂಡೆ. ಒಗ್ಗದೇ ಉಳಿದದ್ದು ನೀರಡಿಕೆ. ನನಗೆ ಮೂತ್ರ ಹೆಚ್ಚುಕಡಿಮೆ ನಿಂತೇಹೋಗಿತ್ತು. ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಹಾಗಾಗಿ ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಸಣ್ಣ ಬಾಟಲಿಯಷ್ಟು. ಅದು ಬೇಸಿಗೆ. ನಮ್ಮ ಕಡೆಯ ಬೇಸಿಗೆ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಓಣಿಯ ನಳ ಬಂದು ಕೊಡ ತುಂಬುವ ಸದ್ದು ಕೇಳಿದರೆ ಗಂಟಲು ತಾನಾಗಿ ನುಂಗುವ ಕೆಲಸ ಮಾಡುತ್ತಿತ್ತು. ಕಣ್ಣು ಮುಚ್ಚಿದರೆ ಕೆರೆ, ಕಣ್ಣು ತೆರೆದರೆ ಅಳತೆಯ ಲೋಟ.

ಮನೆಯವರು ನನಗಾಗಿ ಏನೆಲ್ಲ ಮಾಡಿದರು! ಅವ್ವ ಕಾಯಿಪಲ್ಲೆ ಹೆಚ್ಚಿ, ನೆನೆಸಿ, ಕುದಿಸಿ, ಆ ನೀರನ್ನೆಲ್ಲ ಬಸಿದು ಚೆಲ್ಲಿ, ಉಪ್ಪು ಹಾಕದೆ ಪಲ್ಯ ಮಾಡುತ್ತಿದ್ದಳು. "ಸತ್ವ ಎಲ್ಲಾ ಚೆಲ್ಲಿ ಮಗಳಿಗೆ ಚರಟ ಉಣಸಾಕತ್ತೀನಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಮ್ಮನೆಯವರು ನನ್ನ ಪಾಲಿನ ನೀರಿನಲ್ಲಿ ಸ್ವಲ್ಪವನ್ನು ಫ್ರಿಜ್ಜಿನಲ್ಲಿ ಬರ್ಫದ ತುಂಡು ಮಾಡಿ ಇಡುತ್ತಿದ್ದರು. ಗುಟುಕಿಗಿಂತ ತುಂಡು ಹೆಚ್ಚು ಹೊತ್ತು ಬರುತ್ತದೆ. ಅಷ್ಟೇ ಅಲ್ಲ, ನನ್ನ ಮುಂದೆ ನೀರು ಕುಡಿಯುವುದನ್ನೇ ಎಲ್ಲರೂ ಬಿಟ್ಟರು. ಮೇಘಾ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕುಡಿಯುತ್ತಿದ್ದಳು. ನಮ್ಮನೆಯವರು ತಂಬಿಗೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಗೋಡೆಯ ಆಚೆಗಿನ ಅವರ ಗುಟುಕು ನನಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. "ಕಳ್ಳರಂಗ ಯಾಕ ಕುಡೀತೀರಿ? ಎಲ್ಲಾರೂ ನನ್ನ ಮುಂದ ಕುಂತು ಕುಡೀರಿ!" ಎಂದು ಚೀರಿದೆ. ಮೂವರೂ ಬಂದು ಎದುರಿಗೆ ಕೂತರು. ಅವ್ವ ಲೋಟ ಎತ್ತಿ, ಬಾಯಿಗೆ ಹಚ್ಚಿ, ಹಾಗೇ ಕೆಳಗಿಟ್ಟಳು. ಮೇಘಾ ಕುಡಿದಳು. ಆ ಎಳೆ ಕುತ್ತಿಗೆಯಲ್ಲಿ ನೀರು ಇಳಿಯುವುದನ್ನು ನೋಡುತ್ತಿದ್ದ ಹಾಗೆ ನನ್ನೊಳಗೆ ಎದ್ದದ್ದು ಏನೆಂದು ನಾಚಿಕೆ ಬಿಟ್ಟು ಹೇಳುತ್ತೇನೆ: ಹೊಟ್ಟೆಕಿಚ್ಚು. ನಾನು ಹೆತ್ತ ಮಗಳು ಒಂದು ಲೋಟ ನೀರು ಕುಡಿದದ್ದಕ್ಕೆ. ಮುಖ ಗೋಡೆಗೆ ತಿರುಗಿಸಿ ಮಲಗಿದೆ. ಮರುದಿನದಿಂದ ಅವರು ಮತ್ತೆ ಬಾಗಿಲ ಹಿಂದೆ ಹೋದರು.

ನನ್ನ ಶಾಲೆಯಿಂದಲೇ ನಿವೃತ್ತರಾದ ದೇಸಾಯಿ ಸರ್ ನೋಡಲು ಬಂದದ್ದು ಆ ದಿನಗಳಲ್ಲಿ. ಇತಿಹಾಸದ ಹುಚ್ಚಿನವರು, ನನಗೆ ಕಲಿಸುವುದನ್ನು ಕಲಿಸಿದವರು. ಮಾತಿಗೆ ಮಾತು ಬಂದು ನಾನೇ ಎಂದೆ, "ವರ್ಷಾ ವರ್ಷಾ ಹುಡುಗರಿಗೆ ಆಸೆಯೇ ದುಃಖಕ್ಕೆ ಮೂಲ ಅಂತ ಬರಸ್ತಿದ್ನಿರಿ ಸರ್. ಒಂದ ಮಾರ್ಕಿನ ಪ್ರಶ್ನಿ ಅದು. ಈಗ ನೋಡ್ರಿ."

ಸರ್ ಕಣ್ಣು ಅರಳಿಸಿದರು. "ಟೀಚರ, ನಿಮಗೊಂದು ಹೇಳ್ಲೇನು? ಬುದ್ಧ ಆಸಿ ಅಂದಿಲ್ಲ, ಪಾಳಿ ಭಾಷಾದಾಗ ತಣ್ಹಾ ಅಂದಾನ. ಸಂಸ್ಕೃತದಾಗ ತೃಷ್ಣಾ. ಅಂದ್ರ ಖರೆ ಅರ್ಥ ನೀರಡಿಕಿ! ಅವ ಅಂದಿದ್ದು, ನೀರಡಿಕೀನ ದುಃಖಕ್ಕ ಮೂಲ ಅಂತ."

ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. "ಸರ್, ನನಗ ಶಬ್ದದ ಅರ್ಥ ಬ್ಯಾಡ್ರಿ. ನನಗ ನೀರು ಬೇಕಾಗೈತಿ. ಈ ನೀರಡಿಕಿ ಬಿಡು ಅಂದ್ರ ಹೆಂಗ ಬಿಡ್ಲಿ? ನಾ ಏನು ಹಿಡಕೊಂಡೀನೇನು ಇದನ್ನ? ಇದ ನನ್ನ ಹಿಡಕೊಂಡೈತಿ."

ಸರ್ "ತಪ್ಪಾತ್ರಿ" ಎಂದು ಎದ್ದರು. ಅವ್ವ ಕೊಟ್ಟ ಚಹಾವನ್ನೂ ಕುಡಿಯಲಿಲ್ಲ.

ನನಗೆ ಆ ಮಾತು ಬಿಡಲಿಲ್ಲ. ಡಯಾಲಿಸಿಸ್‌ಗೆ ಮಲಗಿದಾಗ ಮಾಡುವುದಕ್ಕೆ ಬೇರೆ ಕೆಲಸವಿರುವುದಿಲ್ಲ. ಪಕ್ಕದ ಮಂಚ ಚನ್ನಪ್ಪ ಕಾಕಾನದು. ಲಕ್ಷ್ಮೇಶ್ವರದಲ್ಲಿ ಕಾಳುಕಡಿಯ ವ್ಯಾಪಾರ ಮಾಡಿದವರು, ಅಂಗಡಿಯನ್ನು ಈಗ ಮಗ ನೋಡುತ್ತಿದ್ದ. ನಾನು ಬರುವ ಹೊತ್ತಿಗೇ ಅವರು ಅಲ್ಲಿ ಹಳಬರು. ತೂಕ ನೋಡುವಾಗ ಪ್ರತಿ ಸಲ ಬೈಸಿಕೊಳ್ಳುತ್ತಿದ್ದರು, ಏಕೆಂದರೆ ಪ್ರತಿ ಸಲ ಮೈಯಲ್ಲಿ ಹೆಚ್ಚು ನೀರು ಏರಿಸಿಕೊಂಡು ಬರುತ್ತಿದ್ದರು.

"ಏನ್ ಮಾಡ್ಲಿ ಅಕ್ಕಾರ," ಎನ್ನುತ್ತಿದ್ದರು ನನಗೆ, "ಮಗ ಅಳತಿ ಮಾಡಿ ಕೊಡತಾನ. ಅವ ಅಂಗಡಿಗೆ ಹ್ವಾದ ಮ್ಯಾಲ ಸೊಸಿಗೆ ಮಜ್ಜಗಿ ಬೇಡತೀನಿ. ಆಕಿ ಇಲ್ಲ ಅಂತಾಳ. ಮೊಮ್ಮಗಳಿಗೆ ಕೇಳ್ತೀನಿ. ಆಕಿ ಪಾಪ, ಕೊಟ್ಟಬಿಡತಾಳ."

ಒಂದು ದಿನ ನಾನು ಕೇಳಿದೆ, "ಕಾಕಾ, ಬುದ್ಧ ಹೇಳ್ಯಾನಲ್ರಿ, ಆಸೀನ ದುಃಖಕ್ಕ ಮೂಲ ಅಂತ. ನೀವೇನಂತೀರಿ?"

"ಅಂವಾ ಹೇಳ್ಯಾನಂದ್ರ ಖರೇನ ಇರಬೇಕು," ಎಂದರು ಕಾಕಾ. ಸ್ವಲ್ಪ ತಡೆದು, "ಆದ್ರ ಅಂವನ ಕಿಡ್ನಿ ಛಲೋ ಇದ್ವು" ಎಂದರು.

ನಾನು ನಕ್ಕೆ. ಸೂಜಿ ಚುಚ್ಚಿದ ಕೈ ಅಲುಗಿ ಮಷೀನು ಕೂಗಿಕೊಂಡಿತು. ಸಿಸ್ಟರ್ ಓಡಿಬಂದು ಇಬ್ಬರಿಗೂ ಬೈದಳು. ಅವಳು ಆಚೆ ಹೋದ ಮೇಲೆ ಕಾಕಾ ಚಾವಣಿ ನೋಡುತ್ತ ಹೇಳಿದರು: "ಇಲ್ಲಿ ಮಲಗೀವಲ್ಲ ಅಕ್ಕಾರ, ಆಸಿ ಬಿಟ್ಟಾವ್ರು ಒಬ್ಬರೂ ಇಲ್ಲ ನೋಡ್ರಿ. ಬಿಟ್ಟಾವ್ರು ಮನ್ಯಾಗ ಮಲಗ್ಯಾರ. ಅವರಿಗೆ ದುಃಖನೂ ಇಲ್ಲ, ಏನೂ ಇಲ್ಲ. ನಾಕ ದಿನದಾಗ ಮುಗೀತದ ಅವರದು. ನನಗ ಇನ್ನೂ ಬೇಕಾಗೈತಿ. ಏನು ಬೇಕಾಗೈತಿ ಅಂತ ಕೇಳಿದ್ರ ಗೊತ್ತಿಲ್ಲ. ಬೇಕಾಗೈತಿ ಅಷ್ಟ."

ಬೇರೆಯವರ ಕಿಡ್ನಿ ಹಾಕಿಸಿಕೊಂಡರೆ ಈ ಮಂಚ ತಪ್ಪುತ್ತದೆ, ನೀರು ಕುಡಿಯಬಹುದು ಎಂದು ಹುಬ್ಬಳ್ಳಿಯ ಡಾಕ್ಟರು ಮೊದಲೇ ಹೇಳಿದ್ದರು. ಅವ್ವ ಆ ಕ್ಷಣವೇ "ನಂದು ತಗೋರಿ" ಎಂದಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಆಗುವುದಿಲ್ಲ ಎಂದರು. "ಈ ಮುದುಕಿ ಇಟಗೊಂಡು ಏನ್ ಮಾಡತೈತಿ ಅದನ್ನ, ತಗೋರಿ ಅಂತೀನಲ್ಲ" ಎಂದು ಅವ್ವ ಕಾರಿಡಾರಿನಲ್ಲಿ ಕೂತು ವಾದ ಮಾಡಿದಳು, ಬಸ್ಸಿನ ಸೀಟು ಬಿಟ್ಟುಕೊಡುವವರಂತೆ. ನಮ್ಮನೆಯವರ ರಕ್ತದ ಗುಂಪು ಹೊಂದಲಿಲ್ಲ. ಮೇಘಾ ಇನ್ನೂ ಹದಿನೆಂಟು ತುಂಬದವಳು. ಉಳಿದದ್ದು ತಂಗಿ ಸವಿತಾ. ಅವಳನ್ನು ಮುಂಡರಗಿಗೆ ಕೊಟ್ಟಿದೆ. ಗಂಡ ಅಲ್ಲೇ ಗೊಬ್ಬರ-ಬೀಜದ ಅಂಗಡಿ ಇಟ್ಟಿದ್ದಾನೆ. ಇಬ್ಬರು ಸಣ್ಣ ಮಕ್ಕಳು.

ಅವಳಾಗಿಯೇ ಬಂದಳು. "ಅಕ್ಕಾ, ನಂದು ತೋರಸೂಣು" ಎಂದಳು. ಪರೀಕ್ಷೆಗಳು ಒಂದರ ಹಿಂದೆ ಒಂದು ನಡೆದವು, ಒಂದೊಂದೂ ಹೊಂದುತ್ತಾ ಬಂತು. ನನ್ನ ಆಸೆ ಹುಟ್ಟಿದ್ದೂ ಬೆಳೆದದ್ದೂ ಆಗ. ಅದಕ್ಕೆ ಮೊದಲು ನನ್ನದು ಬರೀ ಸಂಕಟವಾಗಿತ್ತು. ಕಿಡ್ನಿ ಬಂದ ಮೇಲೆ ಮೊದಲ ದಿನ ಎಷ್ಟು ನೀರು ಕುಡಿಯಬೇಕು, ಯಾವ ತಂಬಿಗೆಯಲ್ಲಿ ಕುಡಿಯಬೇಕು ಎಂದೆಲ್ಲ ಯೋಚಿಸುತ್ತಿದ್ದೆ. ಸವಿತಾ ಮನೆಗೆ ಬಂದು ಅಂಗಳದಲ್ಲಿ ಬಟ್ಟೆ ಒಗೆಯಲು ಬಗ್ಗಿದರೆ, ನನ್ನ ಕಣ್ಣು ಅವಳ ಸೊಂಟದ ಮೇಲೆ ಹೋಗುತ್ತಿತ್ತು. ಸ್ವಂತ ತಂಗಿಯನ್ನು ಹಾಗೆ ನೋಡಿದ್ದೇನೆ.

ಆಪರೇಷನ್ ದಿನ ಗೊತ್ತು ಮಾಡುವ ಮಾತು ಬಂದಾಗ ಅವಳು ಬರುವುದು ಕಡಿಮೆಯಾಯಿತು. ಫೋನಿಗೆ ಗಂಡ ಉತ್ತರ ಕೊಡುತ್ತಿದ್ದ. ಆಮೇಲೆ ಒಂದು ದಿನ ಮಧ್ಯಾಹ್ನ ಒಬ್ಬಳೇ ಬಂದಳು. ಚಪ್ಪಲಿ ಬಿಟ್ಟು ನನ್ನ ಮಂಚದ ಕಾಲುಗಡೆ ಕೂತಳು. ಚಾದರದ ಅಂಚನ್ನು ಮಡಚುವುದು, ಬಿಚ್ಚುವುದು. ಅವಳು ಹೇಳುವ ಮೊದಲೇ ನನಗೆ ಗೊತ್ತಾಯಿತು. ಗೊತ್ತಾದರೂ ಸುಲಭ ಮಾಡಿಕೊಡಲಿಲ್ಲ.

"ಅಕ್ಕಾ," ಎಂದಳು ಕೊನೆಗೆ. "ನನಗ ಹೆದರಿಕಿ ಆಗಾಕತ್ತೈತಿ. ಮನ್ಯಾಗ ಯಾರೂ ಬ್ಯಾಡ ಅಂದಿಲ್ಲ, ಅವರ ಮ್ಯಾಲ ಹಾಕೂದಿಲ್ಲ ನಾನು. ನನಗ ಹೆದರಿಕಿ. ಮಕ್ಕಳ ಮಾರಿ ನೋಡಿದ್ರ ಎದಿ ಹಾರತೈತಿ. ಟೇಬಲ್ ಮ್ಯಾಲ ನನ್ನ ಮಲಗಿಸಿದಂಗ, ನಾ ಮತ್ತ ಏಳದ ಇದ್ದಂಗ ಕನಸು ಬೀಳ್ತಾವು."

"ಆತು ಬಿಡು" ಎಂದೆ.

"ಸಿಟ್ಟಾದಿ?"

"ಇಲ್ಲ."

ಸುಳ್ಳು. ಅವಳು ಹೋದ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವಳು ಕೂತಿದ್ದ ಜಾಗದ ಚಾದರವನ್ನು ಕಿತ್ತು ಕೆಳಗೆ ಎಸೆದೆ. ಅವ್ವ ಅದನ್ನು ಎತ್ತಿ ಮತ್ತೆ ಹಾಸಿದಳು. ಅವ್ವನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಬದುಕಬೇಕೆನ್ನುತ್ತಿದ್ದಳು, ಇನ್ನೊಬ್ಬಳೂ ಬದುಕಬೇಕೆನ್ನುತ್ತಿದ್ದಳು. ಅವ್ವ ಯಾರ ಪರ ಮಾತಾಡಿಯಾಳು? ಆ ದಿನಗಳಲ್ಲಿ ಅವಳು ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ತುಟಿ ಅಲುಗಿಸುತ್ತಿದ್ದಳು. ಸವಿತಾ ಬರುವುದನ್ನೇ ಬಿಟ್ಟಳು. ನಾನೂ ಕರೆಯಲಿಲ್ಲ.

ಇಷ್ಟರಲ್ಲಿ ಚನ್ನಪ್ಪ ಕಾಕಾನ ಮಂಚದ ಮೇಲೆ ಒಂದು ದಿನ ಬೇರೆ ಯಾರೋ ಮಲಗಿದ್ದರು. ಸಿಸ್ಟರ್ ನನ್ನ ಕೈಗೆ ಪಟ್ಟಿ ಕಟ್ಟುತ್ತ, ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸಿದಳು. ಮನೆಯಲ್ಲೇ, ಊಟ ಮಾಡಿ ಕೈ ತೊಳೆಯಲು ಎದ್ದವರು ಕುಸಿದರಂತೆ. ಅವರಿಗೆ ಮಜ್ಜಿಗೆ ಕೊಡುತ್ತಿದ್ದ ಆ ಮೊಮ್ಮಗಳಿಗೆ ಯಾರಾದರೂ ಏನಾದರೂ ಅಂದಿರಬಹುದೇ ಎಂಬ ಯೋಚನೆ ನನ್ನನ್ನು ಇಡೀ ದಿನ ಕಾಡಿತು. ಅವರಿಗೆ ಬೇಕಾಗಿದ್ದದ್ದು ಸಿಗಲಿಲ್ಲ. ಬೇಕೆನ್ನುವುದೂ ತಪ್ಪಲಿಲ್ಲ. ಹಾಗಾದರೆ ಇದೆಲ್ಲ ಯಾತಕ್ಕೆ ಎಂದು ನನಗೆ ಅನಿಸತೊಡಗಿತು.

ಮುಂದಿನ ಸರದಿಯ ದಿನ ನಾನು ಏಳಲಿಲ್ಲ. "ಇವತ್ತ ಬ್ಯಾಡ" ಎಂದೆ. ನಮ್ಮನೆಯವರು ಬೇಡಿಕೊಂಡರು, ಗದರಿಸಿದರು, ಅಂಗಡಿಗೆ ಹೋಗದೆ ಬಾಗಿಲಲ್ಲಿ ಕೂತರು. ನನಗೆ ಒಳಗೆ ಒಂದು ರೀತಿಯ ಶಾಂತಿ ಇತ್ತು, ಅದನ್ನು ಹೇಗೆ ಹೇಳಲಿ! ಎಷ್ಟೋ ತಿಂಗಳ ಮೇಲೆ ಮೊದಲ ಸಲ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಇದೇ ಇರಬೇಕು, ಆಸೆ ಬಿಡುವುದೆಂದರೆ ಇದೇ ಎಂದುಕೊಂಡೆ. ಎದ್ದುಹೋಗಿ ಒಂದು ತಂಬಿಗೆ ನೀರು ಬಗ್ಗಿಸಿಕೊಂಡು ಗಟಗಟ ಕುಡಿದೆ. ಯಾರೂ ತಡೆಯಲಿಲ್ಲ. ಅವ್ವ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಆ ದಿನ ಹೋಯಿತು, ಮರುದಿನವೂ ಮಲಗಿಯೇ ಇದ್ದೆ. ಮತ್ತೆರಡು ತಂಬಿಗೆ ಕುಡಿದಿರಬೇಕು.

ಮೂರನೆಯ ದಿನ ಮಧ್ಯಾಹ್ನ ಉಸಿರು ಸಿಗದಂತಾಯಿತು. ಮಲಗಿದರೆ ಸಿಗುವುದಿಲ್ಲ, ಕೂತರೆ ಸಿಗುವುದಿಲ್ಲ. ಎದೆಯೊಳಗೆ ಗೊರಗೊರ ಸದ್ದು. ಹೊರಗೆ ಮಟಮಟ ಬಿಸಿಲು, ನಾನು ನನ್ನ ಮನೆಯ ನಡುಮನೆಯಲ್ಲಿ ಕೂತು ನೀರಿನಲ್ಲಿ ಮುಳುಗುತ್ತಿದ್ದೆ. ಆಗ ನನ್ನ ಶಾಂತಿ ಎಲ್ಲಿ ಹೋಯಿತೋ! ಬಾಯಿಂದ ಮಾತು ಹೊರಡಲಿಲ್ಲ, ಆದರೆ ಎರಡೂ ಕೈಗಳು ನಮ್ಮನೆಯವರ ಅಂಗಿ ಹಿಡಿದುಕೊಂಡಿದ್ದವು. ಆಸ್ಪತ್ರೆ ತಲುಪಿ ಬಿಡಿಸುವವರೆಗೂ ಬಿಟ್ಟಿರಲಿಲ್ಲವಂತೆ. ಗುಂಡಿ ಕಿತ್ತು ಬಂದಿತ್ತು. ಬದುಕಬೇಕು ಎಂದು ನಾನು ಯೋಚಿಸಿ ಹಿಡಿದದ್ದಲ್ಲ. ಬೇಡ ಎಂದು ನಾನು ತೀರ್ಮಾನಿಸಿದ್ದೆನಲ್ಲ, ಆ ತೀರ್ಮಾನವನ್ನು ನನ್ನ ಕೈಗಳು ಕೇಳಲೇ ಇಲ್ಲ.

ಮಷೀನು ನನ್ನ ಮೈಯಿಂದ ನೀರು ಹಿಂಡಿ ತೆಗೆಯಿತು. ಮುಖಕ್ಕೆ ಆಕ್ಸಿಜನ್ ಮಾಸ್ಕು. ಮೊದಲ ಪೂರ್ತಿ ಉಸಿರು ಒಳಗೆ ಹೋದಾಗ ಅದು ನೀರಿಗಿಂತ ರುಚಿಯಾಗಿತ್ತು.

ದೇಸಾಯಿ ಸರ್ ಆಸ್ಪತ್ರೆಗೆ ಬಂದರು. ಈ ಸಲ ಅವರು ಮಾತಾಡಲು ಅಂಜುತ್ತಿದ್ದರು. ನಾನೇ ಕೇಳಿದೆ. "ಸರ್, ಎಲ್ಲಾ ಬಿಟ್ಟೆ ಅಂದುಕೊಂಡಿದ್ನಿರಿ. ಅದೂ ಆಸಿನ ಏನು?"

"ಅದಕ್ಕೂ ಬೌದ್ಧರು ಹೆಸರಿಟ್ಟಾರ ಟೀಚರ," ಎಂದರು ಮೆಲ್ಲಗೆ. "ಇರಬೇಕು ಅನ್ನೂದು ಒಂದು ತೃಷ್ಣಾ. ಇರಬಾರದು ಅನ್ನೂದು ಇನ್ನೊಂದು ತೃಷ್ಣಾ. ಎರಡೂ ನೀರಡಿಕೀನ."

"ಮತ್ತ ದಾರಿ ಯಾವದ್ರಿ?"

"ಪುಸ್ತಕದಾಗ ಓದಿದ್ದು ಹೇಳಬಲ್ಲೆ. ನಾ ನಡದಿಲ್ಲ ಆ ದಾರ್ಯಾಗ," ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಇನ್ನೊಂದು ಮಾತು ಹೇಳಿದರು. "ನಮ್ಮ ಡಂಬಳದಾಗ ಒಂದ ಕಾಲಕ್ಕ ಬೌದ್ಧರ ವಿಹಾರ ಇತ್ತು, ಗೊತ್ತಲ್ಲ? ವ್ಯಾಪಾರಸ್ಥರು ಸೇರಿ ಕಟ್ಟಿಸಿದ್ದು. ಅಲ್ಲಿ ಅವರು ಪೂಜಿ ಮಾಡ್ತಿದ್ದಾಕಿ ತಾರಾದೇವಿ. ಶಾಸನದಾಗ ಆಕಿಗೆ ಏನಂತ ಬೇಡಕೊಂಡಾರ ಅಂದ್ರ, ಆನಿ ಹೆದರಿಕಿ, ಹಾವಿನ ಹೆದರಿಕಿ, ಬೆಂಕಿ ಹೆದರಿಕಿ, ನೀರಿನ ಹೆದರಿಕಿ, ಇವನ್ನೆಲ್ಲಾ ಕಳಿಯಾಕಿ ನೀನು ಅಂತ. ಬುದ್ಧನ ಮಂದೀನ ಅವ್ರು. ಆಸಿ ದುಃಖದ ಮೂಲ ಅಂತ ದಿನಾ ಕೇಳಿದವ್ರು. ಆದ್ರೂ ಅಂಜಿಕಿ ಆದಾಗ ತಾಯೀ ಅಂದಾರ."

ಸಾವಿರ ವರ್ಷದ ಹಿಂದೆ ಡಂಬಳದ ಯಾವನೋ ಸೆಟ್ಟಿ ನೀರಿಗೆ ಹೆದರಿ ಕೈಮುಗಿದು ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಾಯಿತು. ಅದರಿಂದ ನನ್ನ ರೋಗಕ್ಕೆ ಏನೂ ಆಗಲಿಲ್ಲ. ಆದರೆ ಆ ದಿನ ನಾನು ಸ್ವಲ್ಪ ಊಟ ಮಾಡಿದೆ.

ಸುದ್ದಿ ಕೇಳಿ ಸವಿತಾ ಓಡಿಬಂದಳು. ಮುಂಡರಗಿಯಿಂದ ಬಸ್ಸಿನಲ್ಲಿ ಅಳುತ್ತಲೇ ಬಂದಿರಬೇಕು, ಕಣ್ಣು ಊದಿದ್ದವು. ಬಂದವಳೇ ನನ್ನ ಕಾಲು ಹಿಡಿದಳು. "ಕೊಡ್ತೀನಕ್ಕಾ. ನಾಳೆನ ಆಗ್ಲಿ. ನಂದ ತಪ್ಪಾತು. ಕೊಡ್ತೀನಿ."

ಇಲ್ಲಿ ನಾನು ದೊಡ್ಡ ಮನಸ್ಸಿನವಳಾಗಿ ಏನೋ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದದ್ದು ಹಾಗಲ್ಲ. "ಕೊಡ್ತೀನಿ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ನನ್ನೊಳಗೆ ಎಲ್ಲ ಎದ್ದು ಕೂತಿತು. ನೀರು, ತಂಬಿಗೆ, ಶಾಲೆ, ಮೇಘಾಳ ಮದುವೆ. ಹೂಂ ಎನ್ನಲು ಬಾಯಿ ತೆರೆದೆ. ನನ್ನ ಕಾಲಿನ ಮೇಲಿದ್ದ ಅವಳ ಕೈ ನಡುಗುತ್ತಿತ್ತು, ಚಳಿಜ್ವರ ಬಂದವರ ಹಾಗೆ. ಅವಳಿಗೇ ಅದು ಗೊತ್ತಿರಲಿಲ್ಲ. ನಾನು ಆ ಕೈಯನ್ನು ಹಿಡಿದುಕೊಂಡೆ. ಹಿಡಿದರೂ ನಿಲ್ಲಲಿಲ್ಲ.

"ಸವೀ," ಎಂದೆ. "ನನಗ ಬೇಕಾಗೈತಿ. ಬ್ಯಾಡ ಅಂತ ಸುಳ್ಳು ಹೇಳೂದಿಲ್ಲ. ಈಗೂ ಬೇಕು, ನಾಳೆನೂ ಬೇಕು ಅನಸ್ತೈತಿ. ಆದ್ರ ನೀ ಹಿಂಗ ನಡಗಕೋಂತ ಕೊಟ್ರ ನಾ ತಗೋಳಾಂಗಿಲ್ಲ. ನೀ ಮನೀಗೆ ಬರೂದು ಬಿಡಬ್ಯಾಡ. ಅಷ್ಟ ಮಾಡು."

ಅವಳು ಬಹಳ ಹೊತ್ತು ಅತ್ತಳು. ನನಗೂ ಅಳು ಬಂತು. ಅವಳದು ಯಾಕೆ, ನನ್ನದು ಯಾಕೆ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ನನ್ನ ಅಳುವಿನಲ್ಲಿ ಅರ್ಧ ಕಳೆದುಕೊಂಡ ಕಿಡ್ನಿಗಾಗಿಯೇ ಇತ್ತು ಎಂಬುದಂತೂ ಖರೆ. ಈಗ ಅವಳು ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ. ಕೆಲವು ದಿನ ನಾನು ಅವಳ ಮೇಲೆ ಕಾರಣವಿಲ್ಲದೆ ಹರಿಹಾಯುತ್ತೇನೆ. ಅವಳು ಸಹಿಸಿಕೊಳ್ಳುತ್ತಾಳೆ. ಕಾರಣ ಇಬ್ಬರಿಗೂ ಗೊತ್ತು.

ತೀರಿಕೊಂಡವರ ಕಿಡ್ನಿಗಾಗಿ ಹೆಸರು ಹಚ್ಚಿಸಿ ಎಂದು ಡಾಕ್ಟರು ಹೇಳಿದರು. ಹಚ್ಚಿಸಿದೆವು. ಹಾಗೆ ಕಾಯುವುದೆಂದರೆ ಏನೆಂದು ಹಚ್ಚಿಸುವಾಗ ತಿಳಿದಿರಲಿಲ್ಲ. ಹೈವೇಯಲ್ಲಿ ಅಪಘಾತ ಎಂದು ಪೇಪರಿನಲ್ಲಿ ಓದಿದರೆ ಎದೆ ಒಂದು ಕ್ಷಣ ಹಗುರಾಗುತ್ತದೆ. ತಕ್ಷಣ ಮೈ ಝುಂ ಎನ್ನುತ್ತದೆ. ಯಾರದೋ ಮನೆಯ ಮಗ ಸಾಯಲಿ ಎಂದು ನಾನು ಬೇಡಿಕೊಳ್ಳುವುದಿಲ್ಲ. ಆದರೆ ಬೇಡಿಕೊಳ್ಳದೆಯೂ ಕಾಯುತ್ತಿರುವುದು ಅದಕ್ಕೇ. ಈ ಆಸೆಯನ್ನು ಎಲ್ಲಿಡಲಿ, ಯಾವ ದೇವರ ಮುಂದೆ ಹೇಳಲಿ?

ಹೋದ ವರ್ಷ ಒಂದು ಬೆಳಿಗ್ಗೆ ಫೋನು ಬಂತು. ಕಿಡ್ನಿಯೊಂದು ಸಿಗುವ ಹಾಗಿದೆ, ಕೂಡಲೇ ಹೊರಡಿ, ಆದರೆ ನಿಮಗಿಂತ ಮೊದಲು ಇನ್ನೊಬ್ಬರಿದ್ದಾರೆ, ಅವರಿಗೆ ಹೊಂದದಿದ್ದರೆ ನಿಮಗೆ ಎಂದರು. ಅವ್ವ ಆರತಿ ಎತ್ತಲು ಹೋದಳು, ನಾನು ಬೈದು ನಿಲ್ಲಿಸಿದೆ. ಹುಬ್ಬಳ್ಳಿ ಮುಟ್ಟಿ, ರಕ್ತ ಕೊಟ್ಟು, ಕಾಯುವ ಕೋಣೆಯಲ್ಲಿ ಕೂತೆವು. ಎದುರಿನ ಬೆಂಚಿನಲ್ಲಿ ಹಸಿರು ಬಳೆಯ ಒಬ್ಬ ಹೆಣ್ಣುಮಗಳು. ಮಾತಾಡದೆಯೂ ಗೊತ್ತಾಯಿತು, ನನಗಿಂತ ಮೊದಲಿನವರ ಹೆಂಡತಿ ಅವಳು. ಅವಳಿಗೂ ನಾನು ಯಾರೆಂದು ಗೊತ್ತಾಗಿತ್ತು. ಅವಳ ಗಂಡನಿಗೆ ಹೊಂದಬಾರದು ಎಂದು ನಾನು, ಹೊಂದಲಿ ಎಂದು ಅವಳು, ಒಂದೇ ಫ್ಯಾನಿನ ಕೆಳಗೆ ಕೂತಿದ್ದೆವು. ಆ ಕಟ್ಟಡದ ಇನ್ನೊಂದು ಕಡೆ, ತೀರಿಕೊಂಡವರ ಮನೆಯವರು ಕೂತಿದ್ದರು. ಒಮ್ಮೆ ಬಾಗಿಲು ತೆರೆದಾಗ ಅತ್ತಲಿಂದ ಒಬ್ಬ ತಾಯಿಯ ದನಿ ಕೇಳಿತು. ಏನೂ ಬೇಡುತ್ತಿರಲಿಲ್ಲ ಅವಳು, ಒಂದು ಹೆಸರು ಹಿಡಿದು ಕೂಗುತ್ತಿದ್ದಳು ಅಷ್ಟೇ. ಇಬ್ಬರೂ ತಲೆ ತಗ್ಗಿಸಿದೆವು.

ಸಂಜೆ ಮುಂದೆ ಬಂದು ಹೇಳಿದರು. ಅವರಿಗೆ ಹೊಂದಿತು.

ಆ ಹೆಣ್ಣುಮಗಳು ಎದ್ದು ನೆಟ್ಟಗೆ ನನ್ನ ಹತ್ತಿರ ಬಂದಳು. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಒಳಗ ಹೋಗವ್ವ, ಅವರು ಹಾದಿ ನೋಡತಿರಬೇಕು" ಎಂದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮನೆಯವರು ಕಿಟಕಿಯ ಕಡೆ ನನ್ನನ್ನು ಕೂರಿಸಿದರು. ಅಣ್ಣಿಗೇರಿ ದಾಟಿದ ಮೇಲೆ, "ಬ್ಯಾಸರಾತು?" ಎಂದರು.

"ಹೂಂ."

"ಅಳಬೇಕನಿಸಿದ್ರ ಅಳು. ಬಸ್ಸಿನ್ಯಾಗ ಯಾರು ನೋಡತಾರ."

ಅತ್ತೆ. ಅವರೂ ಅತ್ತರು. ಆ ಗಂಡಸು ನನ್ನ ಮುಂದೆ ಅತ್ತದ್ದು ಅದೇ ಮೊದಲು. ನನಗೆ ಕಿಡ್ನಿ ಸಿಗಲಿ ಎಂದು ನನಗಿಂತ ಹೆಚ್ಚು ಆಸೆಪಟ್ಟವರು ಅವರೇ ಇರಬೇಕು ಎಂದು ಆಗ ತಿಳಿಯಿತು. ಆಸೆ ನನ್ನೊಬ್ಬಳದಾಗಿದ್ದರೆ ಬಿಡುವ ಮಾತಾದರೂ ಆಡಬಹುದಿತ್ತು.

ಮರುದಿನ ಡಯಾಲಿಸಿಸ್ ಇತ್ತು, ಹೋದೆ. ಇಂದಿಗೂ ಹೋಗುತ್ತಿದ್ದೇನೆ. ಆರೋಗ್ಯ ಸ್ವಲ್ಪ ಸುಧಾರಿಸಿದೆ, ಉಳಿದ ದಿನಗಳಲ್ಲಿ ಶಾಲೆಗೆ ಹೋಗುತ್ತೇನೆ. ಬುದ್ಧನ ಮಾತು ಸುಳ್ಳೆಂದು ನಾನು ಹೇಳಲಾರೆ. ಬೇಕು ಎನ್ನುವುದೇ ನನ್ನನ್ನು ಸುಟ್ಟಿದ್ದು ಖರೆ. ಅದನ್ನು ಬಿಡಲು ನನ್ನಿಂದ ಆಗಲಿಲ್ಲ ಎಂಬುದೂ ಅಷ್ಟೇ ಖರೆ. ಬಿಟ್ಟವರು ಇದ್ದರೆ ಅವರಿಗೆ ಕೈಮುಗಿಯುತ್ತೇನೆ. ಈ ಬರಹ ಬಿಡಲಾರದವರಿಗೆ.

ಮೊನ್ನೆ ನಮ್ಮಲ್ಲಿಗೆ ಹೊಸಬಳೊಬ್ಬಳು ಬಂದಳು. ಶಿರಹಟ್ಟಿ ಹತ್ತಿರದ ಮಾಗಡಿಯವಳು, ಮದುವೆಯಾಗಿ ಇನ್ನೂ ಹೆಚ್ಚು ದಿನವಾಗಿಲ್ಲ. ಕುತ್ತಿಗೆಯ ನಳಿಕೆ ಕಾಣಬಾರದೆಂದು ಸೆರಗು ಹೊದ್ದುಕೊಂಡಿದ್ದಳು. ನನ್ನ ಪಕ್ಕದ ಮಂಚ ಸಿಕ್ಕಿತ್ತು. ಬಹಳ ಹೊತ್ತು ನನ್ನ ಕಡೆ ನೋಡುವುದು, ನೋಟ ತಿರುಗಿಸುವುದು ಮಾಡಿದಳು. ಕೊನೆಗೆ ಕೇಳಿದಳು.

"ಅಕ್ಕಾರ, ಈ ನೀರಡಿಕಿ ಯಾವಾಗ ಹೋಗತೈತ್ರಿ?"

ಅವಳ ಒಣಗಿದ ತುಟಿ ನೋಡಿದೆ. ಸಮಾಧಾನದ ಮಾತು ಎಷ್ಟೋ ಇದ್ದವು.

"ಹೋಗೂದಿಲ್ಲವ್ವಾ" ಎಂದೆ.

ಅವಳ ಕಣ್ಣು ತುಂಬಿದವು. ನನ್ನ ಎಡಗೈ ಮಷೀನಿಗೆ ಕಟ್ಟಿತ್ತು. ಬಲಗೈ ಚಾಚಿದೆ. ಎರಡು ಮಂಚಗಳ ನಡುವೆ ಅವಳ ಬೆರಳಷ್ಟೇ ಸಿಕ್ಕವು, ಅವನ್ನೇ ಹಿಡಿದುಕೊಂಡೆ. ಅವಳೂ ಗಟ್ಟಿಯಾಗಿ ಹಿಡಿದುಕೊಂಡಳು.